ಅರಗಿಗೆ ಹೆಪ್ಪು

ಸರ್... ಸರ್... ಸರ್... ಒದ್ದೆಯಾದದ್ದೇನನ್ನೋ ಯಾರೋ ಬಹಳ ನಿಧಾನವಾಗಿ ತಿಕ್ಕುತ್ತಿರುವ ಸದ್ದು. ಗಂಧ ತೇಯುವುದಕ್ಕಿಂತ ಮೆತ್ತಗೆ, ಅಕ್ಕಿ ತೊಳೆಯುವುದಕ್ಕಿಂತ ಒರಟು. ಕಳೆದ ಭಾನುವಾರ ಮಧ್ಯಾಹ್ನ ಅಡಿಲೇಡಿನ ನಮ್ಮ ಮನೆಯಲ್ಲಿ ಊಟ ಮುಗಿಸಿ ಕುರ್ಚಿಯಲ್ಲೇ ಕಣ್ಣು ಮುಚ್ಚಿದ್ದೆ. ಆ ಸದ್ದಿಗೆ ಎಚ್ಚರವಾದಾಗ ಒಂದು ಗಳಿಗೆ ನಾನು ಪರ್ತ್‌ನಲ್ಲಿದ್ದೆ. ಬೇಲಿಯಾಚೆ ಅಂಕಲ್ ಬೋಗುಣಿ ತಿಕ್ಕುತ್ತಿದ್ದಾರೆ, ಬಟ್ಟೆ ಒಗೆಯುವ ಲಾಂಡ್ರಿ ಕೋಣೆಯಲ್ಲಿಟ್ಟ ಇಡ್ಲಿ ಹಿಟ್ಟು ಉಕ್ಕಿರಬೇಕು, ಎದ್ದು ನೋಡಬೇಕು... ಆಮೇಲೆ ಮಂಡಿನೋವು ನನ್ನನ್ನು ಈ ಕಾಲಕ್ಕೆ ತಂದು ಕೂರಿಸಿತು.

ಹಿತ್ತಲಿನಲ್ಲಿ ಮೊಮ್ಮಗಳು ಸ್ಕೂಲ್ ಪ್ರಾಜೆಕ್ಟಿಗೆಂದು ಒಂದು ಮರದ ಪೆಟ್ಟಿಗೆಗೆ ನೀರು ಸವರಿ ಉಪ್ಪುಕಾಗದದಲ್ಲಿ ಉಜ್ಜುತ್ತಿದ್ದಳು. ಪಕ್ಕದಲ್ಲಿ ಬಣ್ಣದ ಡಬ್ಬಿ. ಹಚ್ಚಿದ್ದು ಒಣಗೋದಕ್ಕೆ ಎಷ್ಟು ಹೊತ್ತು ಬೇಕೇ ಎಂದು ಕೇಳಿದೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಟ್ವೆಂಟಿ ಮಿನಿಟ್ಸ್, ಅಜ್ಜಿ. ಇಟ್ಸ್ ಓನ್ಲಿ ಸ್ಪ್ರೇ."

ಇಪ್ಪತ್ತು ನಿಮಿಷ. ಅಂಕಲ್ ಇದ್ದಿದ್ದರೆ ಏನನ್ನುತ್ತಿದ್ದರು ಎಂದು ನನಗೆ ಗೊತ್ತು.

ನಾವು ಪರ್ತ್‌ಗೆ ಹೋದದ್ದು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ. ನಮ್ಮೆಜಮಾನರು ಅಲ್ಲಿನ ಆಸ್ಪತ್ರೆಯೊಂದರಲ್ಲಿ ರಿಜಿಸ್ಟ್ರಾರ್ ಡಾಕ್ಟರ್, ಅಂದರೆ ಮನೆಯಲ್ಲಿ ಎಂದೂ ಇಲ್ಲದವರು. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಎಲೊಕ್ಯೂಷನ್‌ಗೆ ಕಪ್ ಗೆದ್ದವಳು. ಆದರೂ ಮೊದಲ ವಾರ ಅಂಗಡಿಯವನು "ಕಮ್ ಬ್ಯಾಕ್ ದಿಸ್ ಆರ್ವೋ" ಅಂದಾಗ, ಆರ್ವೋ ಅಂದರೆ ಆಫ್ಟರ್‌ನೂನ್ ಎಂದು ತಿಳಿಯದೆ ಹಲ್ಲುಕಿರಿದು ಬರಿಗೈಯಲ್ಲಿ ವಾಪಸು ಬಂದವಳು. ಇಬ್ಬರು ಚಿಕ್ಕ ಮಕ್ಕಳು. ಬಾಡಿಗೆ ಮನೆ, ಮುಂದೆಯೂ ಮರಳು, ಹಿಂದೆಯೂ ಮರಳು. ನಾವಿದ್ದ ಸದರ್ನ್ ರಿವರ್ ಕಡೆ ಈಗ ಇಟ್ಟಿಗೆ ಮನೆಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆಯಂತೆ. ಆಗ ನಮ್ಮ ಬೀದಿ ಮುಗಿದರೆ ಆಚೆಗೆ ಕುದುರೆ ಮೇಯುವ ಬಯಲು.

ಪಕ್ಕದ ಮನೆಯಲ್ಲಿ ಚೀನಾದ ಹಿರಿಯರೊಬ್ಬರು ಮಗಳೊಂದಿಗೆ ಇದ್ದರು. ಅವರನ್ನು ನಾನು ಹೆಸರು ಹಿಡಿದು ಕರೆದದ್ದೇ ಇಲ್ಲ. ಮಕ್ಕಳಿಗೆ ಅಂಕಲ್, ಆದ್ದರಿಂದ ನನಗೂ ಅಂಕಲ್. ಅವರಿಗೆ ನಾನು "ಡಾಕ್ಟರ್ ಮಿಸ್ಸಸ್". ಸಿಟಿಯ ಹೋಟೆಲೊಂದರ ಅಡುಗೆಮನೆಯಲ್ಲಿ ಎಷ್ಟೋ ವರ್ಷ ದುಡಿದು ಆಗಷ್ಟೇ ಬಿಟ್ಟಿದ್ದರು. ಹೆಂಡತಿ ತೀರಿಕೊಂಡಿದ್ದರು. ಮಗಳು ಸಿಟಿಯಲ್ಲಿ ಟೈಪಿಸ್ಟ್, ಬೆಳಿಗ್ಗೆ ಟ್ರೈನಿಗೆ ಹೋದರೆ ಸಂಜೆಗೆ ಬರುವಳು. ಹಗಲೆಲ್ಲ ಬೇಲಿಯ ಈಚೆ ನಾನು, ಆಚೆ ಅವರು. ನಾವಿಬ್ಬರೂ ಮಾತಾಡಿದ್ದು ಇಂಗ್ಲಿಷಿನಲ್ಲೇ. ನನ್ನದು ಜಾಸ್ತಿಯಾದ ಇಂಗ್ಲಿಷ್, ಅವರದು ಸಾಲದ ಇಂಗ್ಲಿಷ್. ನೆನಪಿನಲ್ಲಿ ಮಾತ್ರ ಅವರು ಯಾಕೋ ಕನ್ನಡದಲ್ಲೇ ಮಾತಾಡುತ್ತಾರೆ...

ಅಡುಗೆ ಅವರ ಹೊಟ್ಟೆಪಾಡಾಗಿತ್ತು. ಮನೆತನದ ಕೆಲಸ ಬೇರೆ. ಫುಜೌ ಊರಿನಲ್ಲಿ ಅವರ ತಂದೆ, ತಾತ ಎಲ್ಲರೂ ಲ್ಯಾಕರ್ ಕೆಲಸದವರು. ಅಲ್ಲಿನ ಒಂದು ಮರದ ತೊಗಟೆ ಗೀರಿದರೆ ಸೊನೆ ಬರುತ್ತದೆ. ಒಂದು ಮರ ಇಡೀ ಹಂಗಾಮಿಗೆ ಕೊಡುವುದು ಒಂದು ಸಣ್ಣ ಬಟ್ಟಲಷ್ಟು. ಅದಕ್ಕಿಂತ ಆಸೆಪಟ್ಟರೆ ಮರ ಸಾಯುತ್ತದೆ. ಮಣ್ಣಿನ ಅಚ್ಚಿನ ಮೇಲೆ ಬಟ್ಟೆ ಸುತ್ತಿ, ಆ ಸೊನೆ ಹಚ್ಚಿ, ಆರಿದ ಮೇಲೆ ಇದ್ದಿಲು ನೀರಿನಲ್ಲಿ ತಿಕ್ಕಿ, ಮತ್ತೆ ಹಚ್ಚಿ, ಮತ್ತೆ ತಿಕ್ಕಿ... ಮೂವತ್ತು ಸಲ. ಕೊನೆಗೆ ಅಚ್ಚು ತೆಗೆದರೆ ಕೈಯಲ್ಲಿ ಉಳಿಯುವುದು ಒಣ ಎಲೆಯಷ್ಟು ಹಗುರದ ಬೋಗುಣಿ, ಒಳಗೆ ನೋಡಿದರೆ ಬಾವಿಯ ಹಾಗೆ ನಮ್ಮ ಮುಖ. ಕೆಲಸ ಬಿಟ್ಟ ಮೇಲೆ ಹಾಂಗ್‌ಕಾಂಗಿನ ಪರಿಚಯದವರೊಬ್ಬರ ಕೈಯಲ್ಲಿ ಆ ಸೊನೆಯ ಒಂದು ಮರದ ಡಬ್ಬ ತರಿಸಿಕೊಂಡು ಅಂಕಲ್ ಮತ್ತೆ ಶುರುಮಾಡಿದ್ದರು.

ಶುರುಮಾಡಿದ್ದರು ಅಷ್ಟೆ, ಮುಗಿಯುತ್ತಿರಲಿಲ್ಲ. ಒಂದು ಪದರ ಹಚ್ಚಿಟ್ಟು ಮೂರು ವಾರವಾದರೂ ಅಂಟಂಟು. ಪರ್ತ್‌ನ ಬೇಸಿಗೆಯ ಪೂರ್ವದ ಗಾಳಿ ಅದರ ಮೇಲೆಲ್ಲ ಮರಳು ತಂದು ಕೂರಿಸುತ್ತಿತ್ತು. ಒಂದು ದಿನ ಬೇಲಿಯ ಮೇಲಿಂದ ನಾನೇ ಬಾಯಿ ಹಾಕಿದೆ: ಬಿಸಿಲಿಗೆ ಇಡಿ ಅಂಕಲ್, ಅರ್ಧ ಗಂಟೆ ಸಾಕು. ಹಪ್ಪಳ ಸಂಡಿಗೆಯ ಮನೆಯಿಂದ ಬಂದವಳು, ಇನ್ನೇನು ಹೇಳಿಯೇನು. ಅವರು ನಕ್ಕರು. ಅವರ ಸೊನೆ ಒಣಗಾಳಿಯಲ್ಲಿ ಆರುವುದಿಲ್ಲವಂತೆ. ತೇವ ಬೇಕಂತೆ, ಹದವಾದ ಬಿಸುಪು ಬೇಕಂತೆ. ಒದ್ದೆ ಗಾಳಿಯಲ್ಲಿ ಒಣಗುವ ವಸ್ತು! ನನ್ನ ತಲೆಗೆ ಅದು ಹೋಗಲೇ ಇಲ್ಲ.

ನಮ್ಮಲ್ಲೂ ಲ್ಯಾಕರ್ ಇದೆ ಎಂದು ಜಂಬದಿಂದ ಮಗುವಿನ ಚನ್ನಪಟ್ಟಣದ ಗಿಲಕಿಯನ್ನು ಒಯ್ದು ತೋರಿಸಿದೆ. ಅರಗು, ಅರಗು ಎಂದು ಎರಡು ಸಲ ಹೇಳಿಕೊಟ್ಟೆ. ಅವರು ಅದನ್ನು ಮೂಸಿದರು, ಉಗುರಿನಿಂದ ತುಸು ಕೆರೆದರು, ಮಗುವಿನ ಕೈಗೆ ಮರಳಿ ಕೊಟ್ಟರು.

"ಡಾಕ್ಟರ್ ಮಿಸ್ಸಸ್, ಇದು ಹುಳ. ನನ್ನದು ಮರ."

ಅವರೇ ಸರಿ. ಅರಗು ಹುಳದ್ದು. ಅವರದು ಮಾವಿನ ಸೊನೆ, ಗೇರಿನ ಸೊನೆಯ ದಾಯಾದಿ. ಅದು ನಮಗೆ ಖಾತರಿಯಾದದ್ದು ನಮ್ಮೆಜಮಾನರು ಒಂದು ಹಸಿ ಬೋಗುಣಿಯನ್ನು ಎತ್ತಿ ನೋಡಿ, ಅದೇ ಕೈಯಲ್ಲಿ ಮುಖ ಒರೆಸಿಕೊಂಡ ಮಾರನೆಯ ದಿನ. ಕಣ್ಣೆರಡೂ ಊದಿ ಗೋಲಿಯಾಗಿದ್ದವು. ಆ ಮುಖದಲ್ಲೇ ವಾರ್ಡಿಗೆ ಹೋದರು. ಪೇಷಂಟ್‌ಗಳೇ ನನ್ನ ಯೋಗಕ್ಷೇಮ ವಿಚಾರಿಸಿದರು ಎಂದು ಸಂಜೆ ಗೊಣಗಿದರು. ಇಷ್ಟಾದರೂ ನನ್ನ ಬಾಯಲ್ಲಿ ಅದು ಅರಗು ಎಂದೇ ಉಳಿಯಿತು. ತಪ್ಪು ಎಂದು ಗೊತ್ತಿದ್ದೂ ತಿದ್ದಿಕೊಳ್ಳದೆ ಬಿಟ್ಟದ್ದು ಅದೊಂದೇ ಆಗಿದ್ದರೆ...

ನಮ್ಮ ಮನೆಯ ಶೆಡ್ಡಿನಲ್ಲಿ ಹಿಂದಿನವರು ಬಿಟ್ಟುಹೋದ ಒಂದು ಹಳೆಯ ಕಪಾಟಿತ್ತು. ಆ ಊರಿನವರು ಅದನ್ನು ಕೂಲ್ಗಾರ್ಡಿ ಸೇಫ್ ಅನ್ನುತ್ತಿದ್ದರು. ಫ್ರಿಜ್ ಬರುವ ಮುಂಚಿನದು. ಜಾಲರಿಯ ಕಪಾಟು, ಮೇಲೆ ನೀರಿನ ತಟ್ಟೆ, ಸುತ್ತ ಇಳಿಬಿಟ್ಟ ಗೋಣಿತಟ್ಟು. ತಟ್ಟು ನೀರು ಹೀರಿ ಒದ್ದೆಯಾಗಿರುತ್ತದೆ, ಗಾಳಿ ಬೀಸಿದರೆ ಒಳಗೆ ತಂಪು. ನಾನು ಅದರಲ್ಲಿ ಸೊಪ್ಪು ಇಡುತ್ತಿದ್ದೆ. ಒಂದು ಮಧ್ಯಾಹ್ನ, ನಲವತ್ತು ಡಿಗ್ರಿ ಸುಡುವ ದಿನ, ಅಂಕಲ್ ತಮ್ಮ ತೋಟದ ಎಲೆಕೋಸಿನಂಥದೇನೋ ಒಂದು ಹಿಡಿ ತಂದುಕೊಟ್ಟರು. ಕಪಾಟಿನೊಳಗೆ ಇಡಿ ಎಂದೆ. ಇಟ್ಟರು. ಇಟ್ಟ ಕೈಯನ್ನು ವಾಪಸು ತೆಗೆಯಲೇ ಇಲ್ಲ. ಕಣ್ಣು ಮುಚ್ಚಿ, ಮೊಳಕೈವರೆಗೂ ಒಳಗೆ ತೂರಿಸಿ, ಬಹಳ ಹೊತ್ತು ಹಾಗೇ ನಿಂತಿದ್ದರು. ತಲೆ ತಿರುಗಿತೇನೋ ಎಂದು ನಾನು ಕುರ್ಚಿ ತರಲು ಓಡಿದೆ.

ಅಂದು ಸಂಜೆ ಒಂದು ಬೋಗುಣಿ ನಮ್ಮ ಸೊಪ್ಪಿನ ಮೇಲಿನ ಹಲಗೆಗೆ ಬಂತು. ಬೆಳಿಗ್ಗೆ ಬೇಲಿಯ ಬಳಿ ಅವರು ಮುಖದಲ್ಲೇ ಪ್ರಶ್ನೆ ಹೊತ್ತು ನಿಂತಿದ್ದರು. ನಾನು ತಟ್ಟು ಸರಿಸಿ, ಅವರು ಹೇಳಿಕೊಟ್ಟಂತೆ ಬಾಯುಸಿರು ಊದಿ ನೋಡಿದೆ. ಮಂಜು ಕೂತು ಹಾರಿತು. ಅಂಟಿಲ್ಲ. ನನ್ನ ಬಾಯಿಂದ ತಾನಾಗಿ ಬಂದದ್ದು ಇಂಗ್ಲಿಷಲ್ಲ.

"ಹೆಪ್ಪಾಯ್ತು, ಅಂಕಲ್."

ಹೆಪ್ಪು ಎಂದರೇನು ಎಂದು ಕೇಳಿದರು. ಆಗ ನನಗೇ ಹೊಳೆಯಿತು. ಅದು ಒಣಗುವುದಲ್ಲ, ಮೊಸರಿನ ಹಾಗೆ ಹೆಪ್ಪುಗಟ್ಟುವುದು. ಲಾಂಡ್ರಿಗೆ ಕರೆದೊಯ್ದು ಮೊಸರಿನ ಪಾತ್ರೆ ತೋರಿಸಿದೆ. ಬೆಚ್ಚಗಿನ ಹಾಲಿಗೆ ಒಂದು ಚಮಚ ಹಳೆಯ ಮೊಸರು, ಅದೇ ಹೆಪ್ಪು. ಆಗ ಪರ್ತ್‌ನ ಕನ್ನಡ ಡಾಕ್ಟರುಗಳ ಮನೆಗಳಲ್ಲೆಲ್ಲ ಒಂದೇ ಹೆಪ್ಪು ಸುತ್ತುತ್ತಿತ್ತು. ಮಾಧ್ವರ ಮನೆಯಿಂದ ಮಂಗಳೂರು ಕೆಥೊಲಿಕ್ಕರ ಮನೆಗೆ, ಅಲ್ಲಿಂದ ಬ್ಯಾರಿ ಡಾಕ್ಟರ ಮನೆಗೆ, ಅಲ್ಲಿಂದ ನಮಗೆ. ಒಬ್ಬರದು ಕೆಟ್ಟರೆ ಇನ್ನೊಬ್ಬರದು ಇದ್ದೇ ಇರುತ್ತಿತ್ತು. ಇದನ್ನೆಲ್ಲ ಹೇಳಿದೆ. ಅಂಕಲ್ ಪಾತ್ರೆಯನ್ನೇ ನೋಡುತ್ತ ಕೇಳಿಸಿಕೊಂಡರು.

"ನಿಮ್ಮದು ಪುಣ್ಯ. ಒಂದು ಚಮಚ ಉಳಿಸಿದ್ರೆ ನಾಳೆ ಮತ್ತೆ ಬರುತ್ತೆ. ನನ್ನ ಅರಗಿಗೆ ಹೆಪ್ಪಿಲ್ಲ."

ಹೌದು, ಅವರೂ ಅರಗು ಎಂದೇ ಅನ್ನಲು ಕಲಿತಿದ್ದರು, ನನ್ನ ಪುಣ್ಯಕ್ಕೆ.

ಆಮೇಲಿನ ಮೂರು ವರ್ಷ ಆ ಕಪಾಟು ನಮ್ಮಿಬ್ಬರದು. ಬೇಸಿಗೆಯಲ್ಲಿ ಶೆಡ್ಡಿನ ನೆರಳಿನಲ್ಲಿ, ಚಳಿಗಾಲದಲ್ಲಿ ನಮ್ಮ ಲಾಂಡ್ರಿಯ ಬಿಸಿನೀರಿನ ಟ್ಯಾಂಕಿನ ಪಕ್ಕ. ನಮ್ಮೆಜಮಾನರು ಊದಿದ ಕಣ್ಣುಗಳನ್ನು ಕ್ಷಮಿಸಿ ಒಂದು ಥರ್ಮಾಮೀಟರ್ ತಂದುಕೊಟ್ಟರು. "ನಿನ್ನ ಅಂಕಲ್ ಬೋಗುಣಿಗಳಿಗೇ ಐಸಿಯು ತೆಗೆದಿದಾರಲ್ಲೇ, ಬೆಡ್ ಚಾರ್ಟ್ ಒಂದು ಬಾಕಿ" ಎಂದು ನಗುತ್ತಿದ್ದರು. ಚಾರ್ಟೂ ಬಂತು. ಎಷ್ಟು ಡಿಗ್ರಿಯಲ್ಲಿ, ತಟ್ಟು ಎಷ್ಟು ಹಿಂಡಿದಾಗ, ಎಷ್ಟು ಗಂಟೆಗೆ ಹೆಪ್ಪಾಯಿತು ಎಂದು ಅಂಕಲ್ ಗೋಡೆಯ ಕ್ಯಾಲೆಂಡರಿನ ಬೆನ್ನ ಮೇಲೆ ಬರೆದಿಡುತ್ತಿದ್ದರು. ಮೂರು ವಾರದ ಪದರ ಒಂದು ರಾತ್ರಿಗೆ ಇಳಿಯಿತು.

ಸೊನೆ ಉಳಿಸುವುದರಲ್ಲಂತೂ ಅವರು ನಮ್ಮ ಅಜ್ಜಿಯರನ್ನು ಮೀರಿಸಿದರು. ಡಬ್ಬದೊಳಗೆ ಸೊನೆಯ ಮೈಗೆ ತಾಗುವಂತೆ ಎಣ್ಣೆಕಾಗದ ಒತ್ತಿಡುವರು, ಮೇಲೆ ಕೆನೆಗಟ್ಟಿ ಹಾಳಾಗಬಾರದೆಂದು. ಬಟ್ಟೆ ಅಂಟಿಸಲು ಬರಿಯ ಸೊನೆಯ ಬದಲು ನನ್ನ ಅನ್ನದ ಗಂಜಿ ಬೆರೆಸಿ ನೋಡಿದರು. ಅವರ ತಾತನೂ ಹಾಗೆ ಮಾಡುತ್ತಿದ್ದುದು ಆಮೇಲೆ ನೆನಪಾಯಿತಂತೆ. ಬಟ್ಟೆಗೆ ನನ್ನ ಹಳೆಯ ನೂಲಿನ ಸೀರೆ. ಹೊಸ ಬಟ್ಟೆ ಬಹಳ ಕುಡಿಯುತ್ತದೆ, ಸವೆದ ಸೀರೆ ಸ್ವಲ್ಪದರಲ್ಲೇ ತೃಪ್ತಿಪಡುತ್ತದೆ ಅನ್ನುತ್ತಿದ್ದರು. ಕಾನ್ವೆಂಟಿನ ಹೊಲಿಗೆ ಕ್ಲಾಸಿನ ಸಿಸ್ಟರ್ ಕೇಳಿದ್ದರೆ ಸಂತೋಷಪಡುತ್ತಿದ್ದರು. ದಾರದ ತುಂಡು ಬಿಸಾಡಿದರೆ ಅವರು ಬೆರಳ ಗಂಟಿನ ಮೇಲೆ ಸ್ಕೇಲಿನಿಂದ ಹೊಡೆಯುತ್ತಿದ್ದರು.

ಇಷ್ಟೆಲ್ಲ ಉಳಿಸಿದ್ದು ಒಂದೇ ಕಾರಣಕ್ಕೆ. ಮಗಳ ಮದುವೆ ಗೊತ್ತಾಗಿತ್ತು. ಹುಡುಗ ಆಸ್ಟ್ರೇಲಿಯದವನೇ, ಬ್ರಿಸ್ಬೇನ್‌ನಲ್ಲಿ ಕೆಲಸ. ಅಂಕಲ್ ಮನೆತನದಲ್ಲಿ ಮಗಳು ಹೊಸಿಲು ದಾಟುವಾಗ ತಂದೆ ತನ್ನ ಕೈಯಾರೆ ಮಾಡಿದ ಕೆಂಪು ಪೆಟ್ಟಿಗೆ ಕೊಡುವುದು ಪದ್ಧತಿ. ಅಂಕಲ್‌ಗೆ ಅವರ ತಂದೆ ಕೆಲಸ ಹೇಳಿಕೊಟ್ಟದ್ದು ಅಕ್ಕನ ಪೆಟ್ಟಿಗೆಯ ಮೇಲೆಯೇ ಅಂತೆ. ಡಬ್ಬದಲ್ಲಿ ಉಳಿದದ್ದು ಅದೊಂದಕ್ಕೆ ಸಾಕು, ಎರಡನೆಯದಕ್ಕೆ ಇಲ್ಲ. ಇನ್ನೊಂದು ಡಬ್ಬ ಹಾಂಗ್‌ಕಾಂಗಿನಿಂದ ಬರಲು ವರ್ಷ ಬೇಕು. ಒಂದು ವರ್ಷ ಪೂರ್ತಿ ಆ ಪೆಟ್ಟಿಗೆಯ ಕೆಲಸ ನಡೆಯಿತು. ಒಳಗೆ ನನ್ನ ಹಸಿರು ಸೀರೆ, ಅದರ ಮೇಲೆ ಕಪ್ಪು, ಕಪ್ಪಿನ ಮೇಲೆ ಕೆಂಪು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೊರಗೆ ಬಂದರೆ ಬೇಲಿಯಾಚೆಯಿಂದ ಸರ್... ಸರ್... ನನ್ನ ತಲೆ ಕಂಡ ಕೂಡಲೇ ಒಂದೇ ಮಾತು: "ಹೆಪ್ಪು?"

ಜೂನ್ ತಿಂಗಳು. ಮದುವೆಗೆ ಹತ್ತು ದಿನ. ಅಂದು ಬೆಳಿಗ್ಗೆ ಮುಚ್ಚಳಕ್ಕೆ ಕೊನೆಯ ಕೆಂಪು ಹಚ್ಚಿ ತಂದು ಕಪಾಟಿನಲ್ಲಿಟ್ಟರು. ಡಬ್ಬದ ತಳ ಕೆರೆದಾಗಿತ್ತು. ಮಧ್ಯಾಹ್ನ ಆಸ್ಪತ್ರೆಯಿಂದ ಅಂಕಲ್‌ಗೆ ಫೋನ್. ವರ್ಷದಿಂದ ಕಾಯುತ್ತಿದ್ದ ಹರ್ನಿಯ ಆಪರೇಷನ್ನಿಗೆ ಬೆಡ್ ಖಾಲಿಯಾಗಿದೆ, ಈಗಲೇ ಬನ್ನಿ. ಹೊರಡುವ ಮುಂಚೆ ಅಂಕಲ್ ನಮ್ಮ ಲಾಂಡ್ರಿಗೆ ಬಂದು ತಟ್ಟನ್ನು ಹಿಂಡಿ ತೋರಿಸಿದರು. ಇಷ್ಟೇ ತೇವ, ಹನಿ ಬೀಳಬಾರದು. ದಿನಕ್ಕೆ ಎರಡು ಸಲ. ಬಿಸಿ ಬೇಡ. ಕೆಂಪು ನಿಧಾನವಾಗಿ ಬರಬೇಕು, ಅವಸರ ಮಾಡಿದರೆ ಕಪ್ಪಾಗುತ್ತದೆ.

"ನಿಧಾನ, ಡಾಕ್ಟರ್ ಮಿಸ್ಸಸ್. ನಿಧಾನ."

ಒಂದು ದಿನ ಹೇಳಿದಂತೆಯೇ ಮಾಡಿದೆ. ಎರಡನೆಯ ದಿನ ದಕ್ಷಿಣದಿಂದ ಚಳಿಗಾಳಿ ಎದ್ದಿತು. ದೊಡ್ಡವನಿಗೆ ಜ್ವರ, ಚಿಕ್ಕವಳಿಗೆ ಕಿವಿನೋವು, ಯಜಮಾನರು ಆನ್ ಕಾಲ್. ನಾನು ನಿಂತಲ್ಲೇ ತೂಕಡಿಸುತ್ತಿದ್ದೆ. ಸಂಜೆ ಐದಕ್ಕೆ ಮುಚ್ಚಳದ ಅಂಚಿಗೆ ಉಸಿರು ಊದಿದರೆ ಇನ್ನೂ ಅಂಟು. ಪಕ್ಕದಲ್ಲೇ ಇದ್ದ ಮೊಸರೂ ಹೆಪ್ಪಾಗಿರಲಿಲ್ಲ. ಚಳಿಗೆ ಮೊಸರಾಗದಿದ್ದರೆ ನಾವೇನು ಮಾಡುತ್ತೇವೆ? ಒಂದು ಪಾತ್ರೆ ಕುದಿಯುವ ನೀರು ತಂದು ಕಪಾಟಿನ ತಳಕ್ಕಿಟ್ಟೆ. ಮೇಲೊಂದು ಕಂಬಳಿ ಹೊದಿಸಿದೆ. ಒಳ್ಳೆಯದೇ ಮಾಡಿದೆನೆಂಬ ಸಮಾಧಾನದಲ್ಲಿ ಹೋಗಿ ಮಲಗಿದೆ.

ಬೆಳಿಗ್ಗೆ ಕಂಬಳಿ ತೆಗೆದೆ. ಮೊಸರು ಗಟ್ಟಿಯಾಗಿತ್ತು. ಮುಚ್ಚಳದ ಮೇಲೆ, ಕಾದ ಹಾಲು ಆರಿದಾಗ ಕೆನೆ ಹೇಗೆ ಸುಕ್ಕುಗಟ್ಟುತ್ತದೋ, ಹಾಗೆ ಈ ಅಂಚಿನಿಂದ ಆ ಅಂಚಿಗೆ ಸುಕ್ಕು. ಕೆಂಪು ಹೋಗಿ ಹಳೆಯ ಇಟ್ಟಿಗೆಯ ಬಣ್ಣ.

ನಮ್ಮೆಜಮಾನರಿಗೆ ಹೇಳಿದೆ. ಅವರು ಷೂ ಬಿಚ್ಚುತ್ತ, ಹೋಗಿ ಹೇಳಿಬಿಡು, ದೊಡ್ಡ ಮನುಷ್ಯ, ಬೈಯೋದಿಲ್ಲ ಎಂದರು. ಹೇಳಲೆಂದೇ ಹೋದೆ. ವಿಸಿಟಿಂಗ್ ಅವರ್‌ನಲ್ಲಿ, ಮಗಳು ಪಕ್ಕದಲ್ಲಿ ಕೂತಿದ್ದಳು. ಬಿಳಿಯ ದಿಂಬಿನ ಮೇಲೆ ಅವರ ಮುಖ ಸಣ್ಣದಾಗಿತ್ತು. ನನ್ನನ್ನು ಕಂಡು ಅದೇ ಒಂದು ಮಾತು.

"ಹೆಪ್ಪು?"

"ಹೆಪ್ಪಾಯ್ತು, ಅಂಕಲ್."

ಅದು ಸುಳ್ಳಲ್ಲ. ಹೆಪ್ಪಾಗಿತ್ತು. ಇಂಥ ನಿಜವನ್ನು ಹೇಳಲು ಕಾನ್ವೆಂಟಿನಲ್ಲಿ ಬಹಳ ಚೆನ್ನಾಗಿ ಕಲಿತಿದ್ದೆ. ಅವರು ಮಗಳ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಅವಳು ಅವರ ಕೈ ಹಿಡಿದುಕೊಂಡಳು. ನಾನು ಬಸ್ಸು ಹಿಡಿದು ಮನೆಗೆ ಬಂದೆ.

ಅವರು ಮನೆಗೆ ಬಂದ ದಿನ, ಹೊಲಿಗೆ ಹಾಕಿದ ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ನೇರವಾಗಿ ಲಾಂಡ್ರಿಗೆ ಬಂದರು. ಪಾತ್ರೆ, ಕಂಬಳಿ ಎಲ್ಲ ನಾನು ಎತ್ತಿಟ್ಟಾಗಿತ್ತು. ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಸುಕ್ಕಿನ ಮೇಲೆ ಹೆಬ್ಬೆರಳು ಆಡಿಸಿದರು. ಈಗ ಹೇಳಬೇಕು, ಈಗ... ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಮಾತಾಡಿದರು.

"ದಪ್ಪ ಹಚ್ಚಿಬಿಟ್ಟಿದೀನಿ."

ದಪ್ಪ ಹಚ್ಚಿದರೂ ಹಾಗೇ ಸುಕ್ಕಾಗುತ್ತದಂತೆ, ಕಲಿಯುವವರು ಮಾಡುವ ಮೊದಲ ತಪ್ಪಂತೆ. ಕೈಗೆ ವಯಸ್ಸಾಯಿತು ಎಂದರು. ಐವತ್ತು ವರ್ಷದ ಕೆಳಗೆ ಅವರ ತಂದೆ ಇದಕ್ಕೇ ಬ್ರಷ್ ಕಿತ್ತುಕೊಂಡು ವರ್ಷವಿಡೀ ಬರೀ ಇದ್ದಿಲು ತಿಕ್ಕಲು ಕೂರಿಸಿದ್ದರಂತೆ. ಇದನ್ನೆಲ್ಲ ಅವರು ನನಗೆ ಸಮಾಧಾನ ಮಾಡುವ ದನಿಯಲ್ಲಿ ಹೇಳುತ್ತಿದ್ದರು, ನನ್ನ ಮುಖ ಅಷ್ಟು ಕೆಟ್ಟಿದ್ದಿರಬೇಕು. ನಾನು ಬಾಯಿ ಮುಚ್ಚಿದೆ.

ನಾಲ್ಕು ದಿನ ಬೇಲಿಯಾಚೆ ಅದೇ ಸದ್ದು. ಸುಕ್ಕನ್ನೆಲ್ಲ ತಿಕ್ಕಿ ತೆಗೆದರು. ಮೇಲೆ ಹಚ್ಚಲು ಒಂದು ಚಮಚವೂ ಉಳಿದಿರಲಿಲ್ಲ. ಮದುವೆಯ ಹಿಂದಿನ ದಿನ ಪೆಟ್ಟಿಗೆಯ ಮೈ ಕೆಂಪಗೆ ಕನ್ನಡಿಯಂತೆ, ಮುಚ್ಚಳ ಮಾತ್ರ ಸುಟ್ಟ ರೊಟ್ಟಿಯಂತೆ ಮಂಕು. ಮದುಮಗ ಒಳ್ಳೆಯ ಹುಡುಗ, ಮಾವನ ಮುಖ ನೋಡಲಾರದೆ ಕಾರು ತೆಗೆದುಕೊಂಡು ಹೋಗಿ ಕಾರಿಗೆ ಹೊಡೆಯುವ ಕೆಂಪು ಸ್ಪ್ರೇ ತಂದ. ಅಂಗಳದಲ್ಲಿ ಪೇಪರ್ ಹಾಸಿ ಮುಚ್ಚಳಕ್ಕೂ ಹೊಡೆದ, ಹೊಂದಲೆಂದು ಮೈಗೂ ಹೊಡೆದ. ಅರ್ಧ ಗಂಟೆಯಲ್ಲಿ ಮಿರಮಿರ. ಎಲ್ಲರೂ ಚಪ್ಪಾಳೆ ತಟ್ಟಿದರು, ಅಂಕಲ್ ಕೂಡ.

"ಫಾಸ್ಟ್," ಎಂದರು. ಅಷ್ಟೆ.

ಆಮೇಲೆ ಬೇಲಿಯಾಚೆ ಸದ್ದು ನಿಂತಿತು. ಹಾಂಗ್‌ಕಾಂಗಿನವರು ಇನ್ನೊಂದು ಡಬ್ಬ ಕಳಿಸುತ್ತೇವೆ ಎಂದು ಬರೆದರಂತೆ. ಬೇಡ ಎಂದು ಉತ್ತರ ಹೋಯಿತು. ಹಾಳು ಮಾಡುವ ಕೈಗೆ ಮರ ಯಾಕೆ ರಕ್ತ ಕೊಡಬೇಕು ಎಂದು ನನ್ನನ್ನು ಕೇಳಿದರು. ನನ್ನಲ್ಲಿ ಉತ್ತರವಿತ್ತು. ಈ ವಾರ ಹೇಳುತ್ತೇನೆ, ಮುಂದಿನ ವಾರ ಹೇಳುತ್ತೇನೆ ಎನ್ನುತ್ತಿರುವಾಗಲೇ ನಮ್ಮೆಜಮಾನರಿಗೆ ಅಡಿಲೇಡಿನಲ್ಲಿ ಪೋಸ್ಟ್ ಸಿಕ್ಕಿತು. ಸಾಮಾನು ಕಟ್ಟಿದೆವು. ಕಪಾಟನ್ನು ಅವರಿಗೇ ಬಿಟ್ಟೆ. ಸೊಪ್ಪು ಇಡ್ತೀನಿ ಎಂದರು. ಅವರೂ ಒಂದೆರಡು ವರ್ಷದಲ್ಲಿ ಮನೆ ಬಿಟ್ಟು ಮಗಳ ಹತ್ತಿರ ಬ್ರಿಸ್ಬೇನಿಗೆ ಹೋದರು.

ಕಾನ್ವೆಂಟಿನಲ್ಲಿದ್ದಾಗ ಕೆಥೊಲಿಕ್ ಗೆಳತಿಯರು ಶನಿವಾರ ಕನ್ಫೆಷನ್‌ಗೆ ಹೋಗಿ ಹತ್ತೇ ನಿಮಿಷದಲ್ಲಿ ಹಗುರಾಗಿ ಓಡಿಬರುವುದನ್ನು ನಾನು ಹೊರಗಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದೆ. ನಮ್ಮವರಿಗೆ ಅಂಥ ಅನುಕೂಲವಿಲ್ಲ. ಅಡಿಲೇಡಿನಲ್ಲಿ ಪ್ರತಿ ಡಿಸೆಂಬರ್ ಒಂದು ಕ್ರಿಸ್‌ಮಸ್ ಕಾರ್ಡ್ ಬರುತ್ತಿತ್ತು. ಒಕ್ಕಣೆಯೆಲ್ಲ ಮಗಳದು. ಕೆಳಗೆ ಮೂಲೆಯಲ್ಲಿ, ಸೊಟ್ಟ ಇಂಗ್ಲಿಷ್ ಅಕ್ಷರಗಳಲ್ಲಿ, ಅಂಕಲ್ ಬರೆದ ಒಂದೇ ಪದ, ಪ್ರಶ್ನೆಯ ಚಿಹ್ನೆಯೊಂದಿಗೆ: ಹೆಪ್ಪು? ನಾವು ಚೆನ್ನಾಗಿದ್ದೇವೆ ಎಂದು ನಾನು ಉತ್ತರ ಬರೆಯುತ್ತಿದ್ದೆ. ಏಳೋ ಎಂಟೋ ವರ್ಷ ಹಾಗೆ ನಡೆಯಿತು.

ಭಾನುವಾರ ಹಿತ್ತಲಿನ ಸದ್ದು ನಿಂತಿತು. ಮೊಮ್ಮಗಳು ಪೆಟ್ಟಿಗೆಯನ್ನು ತಂದು ನನ್ನ ಮಡಿಲಿನಲ್ಲಿಟ್ಟಳು. ಇಪ್ಪತ್ತು ನಿಮಿಷವೂ ಬೇಕಾಗಲಿಲ್ಲವಂತೆ. ಚೆನ್ನಾಗಿದೆ ಕಣೇ ಎಂದೆ. ನಿಜವಾಗಿಯೂ ಚೆನ್ನಾಗಿತ್ತು. ನಮ್ಮೆಜಮಾನರು ಹೋಗಿ ಆರು ವರ್ಷವಾಯಿತು. ಪರ್ತ್‌ನ ಆ ಮನೆಯ ಶೆಡ್ಡು, ಆ ಹೆಪ್ಪು ಸುತ್ತಿದ ಮನೆಗಳು, ಯಾವುದೂ ಇಲ್ಲ; ಈಗ ನಾನೂ ಮೊಸರನ್ನು ಅಂಗಡಿಯಿಂದಲೇ ತರಿಸುತ್ತೇನೆ. ಈ ಕತೆಯನ್ನು ಮೊಮ್ಮಗಳಿಗೆ ಹೇಳೋಣವೆಂದುಕೊಂಡೆ, ಎಲ್ಲಿಂದ ಶುರುಮಾಡುವುದೆಂದು ಯೋಚಿಸುತ್ತಲೇ ದಣಿವಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಅವರನ್ನು ಕೊನೆಯ ಸಲ ನೋಡಿದ್ದು ಎಂಬತ್ತರ ದಶಕದ ನಡುವೆ, ಬ್ರಿಸ್ಬೇನಿನಲ್ಲಿ. ನಮ್ಮೆಜಮಾನರಿಗೆ ಅಲ್ಲೊಂದು ಕಾನ್ಫರೆನ್ಸ್ ಇತ್ತು, ಜೊತೆಗೆ ಹೋದವಳು ಟ್ಯಾಕ್ಸಿ ಹಿಡಿದು ಮಗಳ ಮನೆಗೆ ಹೋದೆ. ಕಂಬಗಳ ಮೇಲೆ ನಿಂತ ಮರದ ಮನೆ, ಸುತ್ತ ವೆರಾಂಡ. ಫೆಬ್ರವರಿಯ ಬೆವರು. ಗೋಡೆ, ಬಟ್ಟೆ, ಉಪ್ಪಿನ ಡಬ್ಬಿ ಎಲ್ಲ ತೇವ. ಅಂಕಲ್ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು, ಬಹಳ ಇಳಿದುಹೋಗಿದ್ದರು.

ಪೆಟ್ಟಿಗೆ ಒಳಗೆ ಟೀವಿಯ ಮೇಲಿತ್ತು, ಅದರೊಳಗೆ ಮೊಮ್ಮಕ್ಕಳ ಕ್ರೇಯಾನ್‌ಗಳು. ಸ್ಪ್ರೇ ಒಂದು ಮೂಲೆಯಲ್ಲಿ ಉಗುರುಬಣ್ಣದ ಹಾಗೆ ಎದ್ದು ಬಂದಿತ್ತು. ಮಗಳು ಟೀ ಮಾಡಲು ಒಳಗೆ ಹೋದಾಗ ಆ ಸಿಪ್ಪೆಯನ್ನು ನಾನು ಸ್ವಲ್ಪ ಎಬ್ಬಿಸಿ ನೋಡಿದೆ. ಕೆಳಗೆ ಅವರ ಕೆಂಪು ಹಾಗೇ ಇತ್ತು. ಒಂದು ಗೀರೂ ಇಲ್ಲ.

ಹೋಗಿ ಅವರ ಪಕ್ಕ ಕೂತೆ. ಅವರು ಹೊರಗಿನ ಗಾಳಿಯತ್ತ ಗಲ್ಲ ಎತ್ತಿ ತೋರಿಸಿದರು.

"ಇಲ್ಲಿ ತಟ್ಟು ಬೇಡ, ಡಾಕ್ಟರ್ ಮಿಸ್ಸಸ್. ಊರೇ ಕಪಾಟು. ಅರಗು ಮಾತ್ರ ಇಲ್ಲ."

"ಅಂಕಲ್," ಎಂದೆ. "ಆ ಮುಚ್ಚಳಕ್ಕೆ ನಾನು ಕುದಿಯೋ ನೀರು ಇಟ್ಟಿದ್ದೆ."

ಅವರು ತಿರುಗಿ ನೋಡಿದರು. ಎಷ್ಟು ಎಂದು ಕೇಳಿದರು. ಒಂದು ದೊಡ್ಡ ಪಾತ್ರೆ, ಮೇಲೆ ಕಂಬಳಿಯೂ ಹೊದಿಸಿದ್ದೆ ಎಂದೆ.

"ಕಂಬಳಿ," ಎಂದರು. "ಮೊಸರಿಗೆ ಮಾಡೋ ಹಾಗೆ."

"ಹೂಂ."

ಒಳಗೆ ಕಪ್ಪುಗಳ ಸದ್ದು. ಅವರು ಸಿಟ್ಟಾಗಲಿ ಎಂದು ಕಾದೆ. ಸಿಟ್ಟಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ಹಾಗಾದ್ರೆ ದಪ್ಪ ಇರ್ಲಿಲ್ಲ."

"ಇರ್ಲಿಲ್ಲ ಅಂಕಲ್. ನಿಮ್ಮ ಕೈ ಸರಿಯಾಗೇ ಇತ್ತು."

ಮಗಳು ಟೀ ತಂದಳು, ಅಡಿಲೇಡಿನ ಬಿಸಿಲು, ಮಕ್ಕಳ ಸ್ಕೂಲು ಎಂದು ಮಾತು ಬೇರೆ ಕಡೆ ಹೋಯಿತು. ಅಷ್ಟು ಹೊತ್ತೂ ಅಂಕಲ್ ಎರಡೂ ಕೈಗಳನ್ನು ಮಡಿಲಿನಲ್ಲಿ ಅಂಗಾತ ಇಟ್ಟುಕೊಂಡು ನೋಡುತ್ತಿದ್ದರು. ಮುಂದಿನ ಡಿಸೆಂಬರಿನ ಕಾರ್ಡಿನಲ್ಲಿ ಮಗಳ ಅಕ್ಷರ ಮಾತ್ರ ಇತ್ತು.

ಟ್ಯಾಕ್ಸಿ ಬಂತು. ಮೆಟ್ಟಿಲಿಳಿದು ಹತ್ತಿ ಕೂತು ಕಿಟಕಿಯಿಂದ ಮೇಲೆ ನೋಡಿದೆ. ಅವರು ಕುರ್ಚಿ ಬಿಟ್ಟೆದ್ದು ವೆರಾಂಡದ ಕಟಕಟೆಯ ಹತ್ತಿರ ಬಂದಿದ್ದರು. ಕೈ ಬೀಸುತ್ತಾರೆಂದುಕೊಂಡು ನಾನು ಕೈ ಎತ್ತಿದೆ. ಅವರು ನನ್ನ ಕಡೆ ನೋಡುತ್ತಿರಲಿಲ್ಲ. ಎರಡು ಬೆರಳು ಜೋಡಿಸಿ, ಕಟಕಟೆಯ ಒದ್ದೆ ಮರದ ಮೇಲೆ, ಈ ತುದಿಯಿಂದ ಆ ತುದಿಯವರೆಗೆ, ಎತ್ತದೆ, ನಡುಗದೆ, ಬಹಳ ತೆಳ್ಳಗೆ ಒಂದು ಪದರ ಎಳೆಯುತ್ತಿದ್ದರು.